ಗುಳಿಗೆಗೆ ಬಗ್ಗದ ಯೀಸ್ಟ್ ಸೋಂಕು

ಕ್ಯಾಂಡಿಡಾ ಎಂಬುದು ಮನುಷ್ಯನ ಮೈಮೇಲೆ ಮತ್ತು ಕರುಳಿನಲ್ಲಿ ಸದಾ ಇರುವ ಯೀಸ್ಟ್, ಅಂದರೆ ಒಂದೇ ಕೋಶದ ಶಿಲೀಂಧ್ರ. ಹೆಣ್ಣುಮಕ್ಕಳ ಯೋನಿಯಲ್ಲಿ ಅದು ಮಿತಿ ಮೀರಿ ಬೆಳೆದಾಗ ತುರಿಕೆ, ಉರಿ, ಕೆಂಪು ಬಾವು ಕಾಣಿಸಿಕೊಂಡು ಒಡೆದ ಹಾಲಿನಂಥ ದಪ್ಪ ಬಿಳಿ ಸ್ರಾವ ಹೋಗತೊಡಗುತ್ತದೆ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬಂದುಹೋಗುತ್ತದೆ. ಬಹುಪಾಲು ಮಂದಿಗೆ ಒಂದು ಗುಳಿಗೆ ಅಥವಾ ಒಂದು ವಾರದ ಮುಲಾಮು ಸಾಕು. ಆದರೆ ಕೆಲವರಿಗೆ ಗುಳಿಗೆ ನುಂಗಿದ ನಾಲ್ಕು ದಿನ ಹಾಯೆನಿಸಿ ಮತ್ತೆ ಮೊದಲಿನಂತಾಗುತ್ತದೆ. ಇನ್ನು ಕೆಲವರಿಗೆ ಆ ನಾಲ್ಕು ದಿನದ ಹಾಯೂ ಸಿಗುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ‘ಬಿಳುಪು ಹೋಗುವುದು’ ಎಂದು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವ ತೊಂದರೆಗಳಲ್ಲಿ ಇದೂ ಒಂದು. ಗಂಡನಿಗೂ ಹೇಳದೆ, ಔಷಧ ಅಂಗಡಿಯಿಂದ ಅದೇ ಗುಳಿಗೆಯನ್ನು ಐದಾರು ಸಲ ತರಿಸಿ ನುಂಗಿದವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ.

ಯೀಸ್ಟ್ ಎಂಬ ಜೀವಿ ಇದೇ ಭಾಗದ ಸಮೀರವಾಡಿಗೆ ಹೊಸದಲ್ಲ. ಅಲ್ಲಿನ ಗೋದಾವರಿ ಬಯೋರಿಫೈನರೀಸ್ ಕಾರ್ಖಾನೆಯಲ್ಲಿ ಕಬ್ಬು ಸಕ್ಕರೆಯಾದರೆ, ಎಥನಾಲ್ ಆಗುವುದು ಯೀಸ್ಟಿನ ಕೆಲಸದಿಂದ. ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡನ್ನು ಬಿಡುವ ಈ ಹುದುಗಿನ ಯೀಸ್ಟಿನ ಹೆಸರು ಸ್ಯಾಕರೊಮೈಸಿಸ್ ಸೆರೆವಿಸಿಯೆ. ರೋಗ ತರುವ ಯೀಸ್ಟ್‌ಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಕ್ಯಾಂಡಿಡಾ ಆಲ್ಬಿಕನ್ಸ್. ಎಲ್ಲಕ್ಕಿಂತ ಹಟಮಾರಿಗಳಲ್ಲಿ ಒಂದು ಕ್ಯಾಂಡಿಡಾ ಗ್ಲಾಬ್ರೇಟಾ. ಜೀನುಗಳನ್ನು ಓದಿ ನೋಡಿದಾಗ ಈ ಗ್ಲಾಬ್ರೇಟಾ ಆಲ್ಬಿಕನ್ಸ್‌ಗಿಂತ ಹುದುಗಿನ ಯೀಸ್ಟಿಗೇ ಹತ್ತಿರದ ನೆಂಟ ಎಂಬುದು ತಿಳಿದುಬಂತು. ಅದಕ್ಕಾಗಿಯೇ ವಿಜ್ಞಾನಿಗಳು ಅದನ್ನು ಕ್ಯಾಂಡಿಡಾ ಗುಂಪಿನಿಂದ ಹೊರತೆಗೆದು ನಕಸಿಯೋಮೈಸಿಸ್ ಗ್ಲಾಬ್ರೇಟಸ್ ಎಂದು ಕರೆದಿದ್ದಾರೆ. ಲ್ಯಾಬಿನ ವರದಿಯಲ್ಲಿ ಈ ಹೊಸ ಹೆಸರು ಕಂಡರೆ ಬೇರೆ ಯಾವುದೋ ರೋಗವೆಂದು ಗಾಬರಿಯಾಗಬೇಕಿಲ್ಲ. ನೆಂಟಸ್ತನ ಬೇರೆಯಾದ್ದರಿಂದ ಔಷಧಿಗೆ ಅದು ತೋರುವ ವರ್ತನೆಯೂ ಬೇರೆ.

ಆರೋಗ್ಯವಂತ ಯೋನಿಯೊಳಗೆ ಆಮ್ಲೀಯ ವಾತಾವರಣ ಇರುತ್ತದೆ. ಅದರ ಪಿಎಚ್ ಸುಮಾರು 4ರಿಂದ 4.5. ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಲ್ಲಿ ಒಳಪೊರೆಯ ಕೋಶಗಳು ಗ್ಲೈಕೋಜನ್ ಕೂಡಿಡುತ್ತವೆ, ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಅದರಿಂದ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಇವುಗಳ ಜೊತೆಯಲ್ಲೇ 10ರಿಂದ 20 ಶೇಕಡಾ ಹೆಂಗಸರಲ್ಲಿ ಕ್ಯಾಂಡಿಡಾ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಯೀಸ್ಟ್ ಕಂಡಿತೆಂಬ ಒಂದೇ ಕಾರಣಕ್ಕೆ, ತುರಿಕೆ ಉರಿ ಏನೂ ಇಲ್ಲದವರಿಗೆ ಔಷಧಿ ಕೊಡುವುದು ತಪ್ಪು. ತೊಂದರೆ ಶುರುವಾಗುವುದು ಸಾಮಾನ್ಯವಾಗಿ ಯೀಸ್ಟ್ ದುಂಡಗಿನ ರೂಪ ಬಿಟ್ಟು ಎಳೆಎಳೆಯಾಗಿ ಚಾಚಿಕೊಂಡಾಗ. ಆಲ್ಬಿಕನ್ಸ್‌ನ ಈ ಎಳೆಗಳು ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸ್ರವಿಸಿ ಒಳಪೊರೆಯನ್ನು ಗಾಸಿಗೊಳಿಸುತ್ತವೆ ಎಂಬುದು 2016ರಲ್ಲಿ ಗೊತ್ತಾಯಿತು. ಗಾಸಿಯಾದ ಜಾಗಕ್ಕೆ ಬಿಳಿ ರಕ್ತಕಣಗಳು ದಂಡೆತ್ತಿ ಬರುತ್ತವೆ. ಯೀಸ್ಟನ್ನು ಅವು ಅಳಿಸಲಾರವು, ಉರಿಯನ್ನು ಮಾತ್ರ ಹೆಚ್ಚಿಸುತ್ತವೆ. ಮತ್ತೆ ಮತ್ತೆ ಈ ಸೋಂಕಾಗುವ ಬಹುಪಾಲು ಹೆಂಗಸರಲ್ಲಿ ರೋಗನಿರೋಧಕ ಶಕ್ತಿ ಕುಂದಿರುವುದಿಲ್ಲ. ಬಿಡದೆ ಕಾಡುವ ಸೋಂಕಿದ್ದಾಗ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸುವುದು ವೈದ್ಯಕೀಯ ಪದ್ಧತಿ ನಿಜ. ಹಾಗೆಂದು ಸೋಂಕು ಮರುಕಳಿಸಿತೆಂದರೆ ಏಡ್ಸೇ ಇರಬೇಕೆಂದು ಹೆದರಿ ಆಸ್ಪತ್ರೆಗೆ ಹೋಗದೆ ಕೂರುವುದಕ್ಕೆ ಆಧಾರವಿಲ್ಲ.

ಚಿಕಿತ್ಸೆಯ ಮೊದಲ ಮೆಟ್ಟಿಲು ಫ್ಲುಕೊನಜೋಲ್ 150 ಮಿಲಿಗ್ರಾಂ ಗುಳಿಗೆ, ಒಂದೇ ಸಲ. ಇಲ್ಲವೆ ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆ ಅಥವಾ ಮುಲಾಮು. ಎರಡೂ ಅಜೋಲ್ ಎಂಬ ಒಂದೇ ಕುಲದವು. ಯೀಸ್ಟಿನ ಹೊರಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬು ಬೇಕು. ಅದನ್ನು ತಯಾರಿಸುವ ಕಿಣ್ವವನ್ನು ಅಜೋಲ್‌ಗಳು ಕಟ್ಟಿಹಾಕುತ್ತವೆ. ಗಮನಿಸಬೇಕಾದ್ದೆಂದರೆ, ಅಜೋಲ್ ಕ್ಯಾಂಡಿಡಾವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೆ. ಒಂದು ಗುಳಿಗೆಯ ಔಷಧಿ ಯೋನಿಯ ಸ್ರಾವದಲ್ಲಿ ಸುಮಾರು 72 ಗಂಟೆ ಉಳಿಯುತ್ತದೆ. ಸೋಂಕು ಸೌಮ್ಯವಾಗಿದ್ದರೆ ಅಷ್ಟರಲ್ಲಿ ದೇಹ ಸುಧಾರಿಸಿಕೊಳ್ಳುತ್ತದೆ. ಬಾವು ಜೋರಾಗಿ ಚರ್ಮ ಬಿರಿದಿದ್ದರೆ ಒಂದು ಗುಳಿಗೆ ಸಾಲದು. 72 ಗಂಟೆಗೊಂದರಂತೆ ಎರಡು ಅಥವಾ ಮೂರು ಬೇಕಾಗುತ್ತವೆ. ಒಂದು ಗುಳಿಗೆ ನುಂಗಿ ಮರುದಿನವೇ ಗುಣ ಕಾಣಲಿಲ್ಲವೆಂದು ಔಷಧಿ ಹತ್ತಲಿಲ್ಲ ಎನ್ನುವವರಲ್ಲಿ ಅನೇಕರ ಕಥೆ ಇಷ್ಟೇ ಇರುತ್ತದೆ.

‘ಔಷಧಿಗೆ ಬಗ್ಗುತ್ತಿಲ್ಲ’ ಎಂಬ ದೂರಿನ ಹಿಂದೆ ಎರಡು ಬೇರೆ ಬೇರೆ ಸ್ಥಿತಿಗಳಿರಬಹುದು. ಮೊದಲನೆಯದರಲ್ಲಿ ಪ್ರತಿ ಸಲವೂ ಗುಣವಾಗುತ್ತದೆ, ಆದರೆ ತಿರುಗಿ ಬರುತ್ತದೆ. ವರ್ಷದಲ್ಲಿ ಮೂರು ಅಥವಾ ಹೆಚ್ಚು ಸಲ ಬಂದರೆ ಅದು ಮರುಕಳಿಸುವ ಸೋಂಕು. ಎರಡನೆಯದರಲ್ಲಿ ಸರಿಯಾದ ಪ್ರಮಾಣದ ಔಷಧಿ ತೆಗೆದುಕೊಂಡರೂ ಗುಣವೇ ಆಗುವುದಿಲ್ಲ. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇದು ನಿಜಕ್ಕೂ ಯೀಸ್ಟೇ? ಅಮೆರಿಕದಲ್ಲಿ ಚೀಟಿಯಿಲ್ಲದೆ ಯೀಸ್ಟ್ ಔಷಧಿ ಕೊಳ್ಳುತ್ತಿದ್ದ ಹೆಂಗಸರನ್ನು ಪರೀಕ್ಷಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ಬರೀ ಯೀಸ್ಟ್ ಸೋಂಕೇ ಇದ್ದದ್ದು ಮೂರರಲ್ಲಿ ಒಂದು ಭಾಗದವರಿಗೆ ಮಾತ್ರ. ಉಳಿದವರಲ್ಲಿ ಹಲವರಿಗೆ ಬೇರೆ ಸೋಂಕು ಅಥವಾ ಎರಡೆರಡು ಸೋಂಕು ಇತ್ತು, ಕೆಲವರಿಗೆ ಯಾವ ಸೋಂಕೂ ಇರಲಿಲ್ಲ. ಪರೀಕ್ಷೆಯಿಲ್ಲದೆ ಗುಳಿಗೆ ಕೊಳ್ಳುವುದು ಇನ್ನೂ ಸಲೀಸಾಗಿರುವ ಕಡೆ ಈ ಗೊಂದಲ ಕಡಿಮೆ ಇರಲು ಕಾರಣವಿಲ್ಲ.

ತೆಳ್ಳಗಿನ ಬೂದುಬಣ್ಣದ ಸ್ರಾವಕ್ಕೆ ಮೀನಿನ ವಾಸನೆಯಿದ್ದರೆ ಅದು ಬ್ಯಾಕ್ಟೀರಿಯಲ್ ವಜೈನೋಸಿಸ್ ಇರಬಹುದು. ಆಗ ಪಿಎಚ್ 4.5ನ್ನು ಮೀರುತ್ತದೆ. ಹಳದಿ-ಹಸಿರು ಬಣ್ಣದ ನೊರೆನೊರೆ ಸ್ರಾವ ಟ್ರೈಕೊಮೊನಾಸ್‌ನದು. ಅದು ಲೈಂಗಿಕ ಸಂಪರ್ಕದಿಂದ ಹರಡುವಂಥದ್ದು, ಗಂಡನಿಗೂ ಚಿಕಿತ್ಸೆ ಬೇಕು. ಎರಡಕ್ಕೂ ಫ್ಲುಕೊನಜೋಲ್ ಕೆಲಸಕ್ಕೆ ಬಾರದು. ತಿಂಗಳ ನಡುವೆ ಮೊಟ್ಟೆಯ ಬಿಳಿಯಂತೆ ಹೋಗುವ, ತುರಿಕೆಯೂ ವಾಸನೆಯೂ ಇಲ್ಲದ ಸ್ರಾವ ರೋಗವೇ ಅಲ್ಲ. ಮುಟ್ಟು ನಿಂತವರಲ್ಲಿ ಈಸ್ಟ್ರೋಜನ್ ಇಳಿದು ಒಳಪೊರೆ ಒಣಗಿ ತೆಳುವಾಗುತ್ತದೆ, ಉರಿಯುತ್ತದೆ. ಅಲ್ಲಿ ಯೀಸ್ಟ್ ಬೆಳೆಯುವುದು ವಿರಳ. ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮರೋಗದಲ್ಲಿ ಹೊರಭಾಗ ಬೆಳ್ಳಗೆ, ತೆಳ್ಳಗೆ ಆಗಿ ರಾತ್ರಿ ನಿದ್ದೆ ಬಾರದಷ್ಟು ತುರಿಸುತ್ತದೆ. ವರ್ಷಗಟ್ಟಲೆ ಅದನ್ನು ಯೀಸ್ಟೆಂದೇ ತಿಳಿದು ಮುಲಾಮು ಹಚ್ಚಿದರೆ, ಮುಂದೆ ಕ್ಯಾನ್ಸರಿನ ಸಣ್ಣ ಅಪಾಯವಿರುವ ಆ ರೋಗ ತಡವಾಗಿ ಪತ್ತೆಯಾಗುತ್ತದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಳಿ ಸ್ರಾವಕ್ಕೆ ಹಸಿರು ಬಣ್ಣದ ಒಂದು ಕಿಟ್ ಕೊಡುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪಿಸಿದ ಬಣ್ಣದ ಕಿಟ್‌ಗಳಲ್ಲಿ ಇದು 2ನೆಯದು. ಒಳಗೆ 2 ಗ್ರಾಂ ಸೆಕ್ನಿಡಜೋಲ್ ಮತ್ತು 150 ಮಿಲಿಗ್ರಾಂ ಫ್ಲುಕೊನಜೋಲ್ ಇರುತ್ತವೆ. ಲ್ಯಾಬ್ ಇಲ್ಲದ ಊರಿನಲ್ಲಿ ಲಕ್ಷಣ ನೋಡಿ ಮೂರೂ ಸಾಮಾನ್ಯ ಸೋಂಕುಗಳಿಗೆ ಒಟ್ಟಿಗೆ ಔಷಧಿ ಕೊಡುವ ಉಪಾಯ ಇದು. ಮೊದಲ ಸಲಕ್ಕೆ ಇದು ಒಳ್ಳೆಯ ಏರ್ಪಾಡು. ಅದೇ ಕಿಟ್ಟನ್ನು ಮೂರನೆಯ, ನಾಲ್ಕನೆಯ ಸಲ ಕೊಡುವುದರಲ್ಲಿ ಅರ್ಥವಿಲ್ಲ. ಎರಡನೆಯ ಸಲಕ್ಕೇ ಪರೀಕ್ಷೆ ಬೇಕು.

ಆ ಪರೀಕ್ಷೆಯೇನೂ ದೊಡ್ಡದಲ್ಲ. ವೈದ್ಯರು ಅಥವಾ ದಾದಿ ಹತ್ತಿಯ ಕಡ್ಡಿಯಿಂದ ಸ್ವಲ್ಪ ಸ್ರಾವ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಬಿಡುತ್ತಾರೆ. ಆ ಕ್ಷಾರ ಚರ್ಮದ ಕೋಶಗಳನ್ನು ಕರಗಿಸುತ್ತದೆ, ಯೀಸ್ಟನ್ನು ಬಿಡುತ್ತದೆ. ಸೂಕ್ಷ್ಮದರ್ಶಕದಡಿ ಮೊಗ್ಗೊಡೆದ ದುಂಡು ಕೋಶಗಳೂ ಅವುಗಳಿಂದ ಹೊರಟ ಎಳೆಗಳೂ ಕಂಡರೆ ಆಲ್ಬಿಕನ್ಸ್ ಇರುವ ಸಂಭವ ಹೆಚ್ಚು. ಎಳೆಗಳೇ ಇಲ್ಲದೆ ಚಿಕ್ಕ ಚಿಕ್ಕ ಮೊಗ್ಗುಗಳಷ್ಟೇ ಚದುರಿದ್ದರೆ ಗ್ಲಾಬ್ರೇಟಾದ ಅನುಮಾನ ಬರಬೇಕು, ಏಕೆಂದರೆ ಅದು ಎಳೆ ಚಾಚುವ ಜಾತಿಯಲ್ಲ. ನೋಡುವವರ ಕಣ್ಣು ತಪ್ಪಿಸುವುದೂ ಅದೇ. ಈ ಪಟ್ಟಿ ಪರೀಕ್ಷೆ ಸುಮಾರು ಅರ್ಧದಷ್ಟು ಸೋಂಕುಗಳನ್ನು ಹಿಡಿಯಲಾರದು. ಆದ್ದರಿಂದ ಹಟಮಾರಿ ಸೋಂಕಿನಲ್ಲಿ ಕಲ್ಚರ್ ಬೇಕೇಬೇಕು. ಬಣ್ಣ ಬರುವ ಅಗಾರ್ ತಟ್ಟೆಯ ಮೇಲೆ ಎರಡು ದಿನದೊಳಗೆ ಆಲ್ಬಿಕನ್ಸ್ ಹಸಿರಾಗಿಯೂ, ಕ್ಯಾಂಡಿಡಾದ ಬೇರೆ ಜಾತಿಗಳಾದ ಟ್ರಾಪಿಕಾಲಿಸ್ ನೀಲಿಯಾಗಿಯೂ ಕ್ರೂಸೈ ಗುಲಾಬಿಯಾಗಿಯೂ ಬೆಳೆದು ತಮ್ಮ ಗುರುತು ತಾವೇ ಹೇಳುತ್ತವೆ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದ ಬಿ.ಎಲ್.ಡಿ.ಇ., ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಇವೆಲ್ಲ ಸಮೀರವಾಡಿಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ, ಸೂಕ್ಷ್ಮಜೀವಿ ವಿಭಾಗವಿರುವ ಕಾಲೇಜುಗಳು. ಪರೀಕ್ಷೆಗೆ ಹೋಗುವ ಮುನ್ನ ಕೆಲವು ದಿನ ಮುಲಾಮು, ಗುಳಿಗೆ ಯಾವುದನ್ನೂ ಬಳಸದಿದ್ದರೆ ಫಲಿತಾಂಶ ಸ್ಪಷ್ಟವಾಗಿ ಬರುತ್ತದೆ.

ಹೆಸರು ತಿಳಿಯದ ಬಿಳಿ ಸ್ರಾವಕ್ಕೆ ಹೆಣ್ಣುಮಕ್ಕಳು ತೆತ್ತ ಬೆಲೆಯನ್ನು ಕಬ್ಬಿನ ಸೀಮೆಯ ಇತಿಹಾಸ ಬಲ್ಲದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪ್ರತಿ ವರ್ಷ ನುರಿಯುವ ಹಂಗಾಮಿಗೆ ಲಕ್ಷಾಂತರ ಜನ ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಗಡಿ ಜಿಲ್ಲೆಗಳಿಗೂ ಕಬ್ಬು ಕಡಿಯಲು ಬರುತ್ತಾರೆ. ಗಂಡ-ಹೆಂಡತಿ ಸೇರಿ ಒಂದು ‘ಕೊಯ್ತಾ’. ಮುಂಗಡ ಪಡೆದ ಮೇಲೆ ಒಂದು ದಿನ ಕೆಲಸ ತಪ್ಪಿದರೂ ದಂಡ. ಹೊಲದ ಬದುವಿನ ಗುಡಿಸಲಲ್ಲಿ ಶೌಚಾಲಯವಿಲ್ಲ, ಒದ್ದೆ ಬಟ್ಟೆ ಬದಲಿಸಲು ಮರೆಯಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೇಮಿಸಿದ, ನೀಲಂ ಗೋರ್ಹೆ ಅಧ್ಯಕ್ಷತೆಯ ಸಮಿತಿಯ ಕೆಲಸದ ಭಾಗವಾಗಿ ಬೀಡ್‌ನ 82,309 ಕಬ್ಬು ಕಡಿಯುವ ಹೆಂಗಸರ ಸಮೀಕ್ಷೆ ನಡೆಯಿತು. ಅವರಲ್ಲಿ 13,861 ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಅವರಲ್ಲಿ ಅನೇಕರು ಮೊದಲು ವೈದ್ಯರ ಬಳಿ ಹೋದದ್ದು ಬಿಳಿ ಸ್ರಾವ, ಹೊಟ್ಟೆನೋವು, ಮುಟ್ಟಿನ ತೊಂದರೆ ಎಂದು. ಕರ್ನಾಟಕದಲ್ಲೂ ಇದು ನಡೆದಿದೆ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂದು ಕರ್ನಾಟಕ ಜನಾರೋಗ್ಯ ಚಳವಳಿ ಹಿಂದಿನ ದಶಕದಲ್ಲಿ ದನಿಯೆತ್ತಿತು, ಸರ್ಕಾರದ ತನಿಖೆಯೂ ನಡೆಯಿತು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂಥದೇ ದೂರಿನ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪಿತ್ತು, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಹೇಳಿತು.

ಯೀಸ್ಟ್ ಮನೆ ಮಾಡಿಕೊಂಡಿರುವುದು ಯೋನಿಯಲ್ಲಿ, ಗರ್ಭಕೋಶದಲ್ಲಲ್ಲ. ಗರ್ಭಕೋಶ ತೆಗೆದರೆ ಯೀಸ್ಟ್ ಸೋಂಕು ಹೋಗುವುದಿಲ್ಲ. ಬಿಳಿ ಸ್ರಾವ ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ ಶಸ್ತ್ರಚಿಕಿತ್ಸೆಗೆ ಒಪ್ಪಿಸುವ ಮಾತು ಯೀಸ್ಟಿನ ಮಟ್ಟಿಗೆ ಶುದ್ಧ ಸುಳ್ಳು; ಕ್ಯಾಂಡಿಡಾ ಸೋಂಕಿನಿಂದ ಗರ್ಭಕೋಶದ ಕ್ಯಾನ್ಸರ್ ಬರುವುದಿಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಸ್, ಅದರ ತಪಾಸಣೆಯೇ ಬೇರೆ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು. ಬಿಳಿ ಸ್ರಾವದ ದೂರು ಹೇಳುವ ಹೆಂಗಸರಲ್ಲಿ ಸೋಂಕಿಗಿಂತಲೂ ಮನಸ್ಸಿನ ಬೇಗುದಿ, ಮನೆಯ ಕಷ್ಟಗಳ ನಂಟೇ ಬಲವಾಗಿತ್ತು. ಅಂಥವರಿಗೆ ಹೊತ್ತು ಕೊಟ್ಟು ಮಾತಾಡಿಸುವುದು ಚಿಕಿತ್ಸೆಯ ಭಾಗ; ನಾಲ್ಕನೆಯ ಗುಳಿಗೆ ಅಲ್ಲ.

ಯೀಸ್ಟೇ ಎಂದು ಖಚಿತವಾದ ಮೇಲೆ ನೋಡಬೇಕಾದದ್ದು ರಕ್ತದ ಸಕ್ಕರೆ. ಶುಗರ್ ಹತೋಟಿಯಲ್ಲಿ ಇಲ್ಲದವರ ಮೂತ್ರದಲ್ಲಿಯೂ ಸ್ರಾವದಲ್ಲಿಯೂ ಗ್ಲೂಕೋಸ್ ಹೆಚ್ಚುತ್ತದೆ. ಕಾಕಂಬಿಯ ತೊಟ್ಟಿಯಲ್ಲಿ ಹುದುಗಿನ ಯೀಸ್ಟಿಗೆ ಸಿಗುವ ಔತಣವೇ ಇಲ್ಲಿ ಕ್ಯಾಂಡಿಡಾಕ್ಕೆ ಸಿಗುತ್ತದೆ. ತಮಗೆ ಸಕ್ಕರೆ ಕಾಯಿಲೆ ಇದೆಯೆಂಬುದೇ ಅನೇಕರಿಗೆ ಮೊದಲು ಗೊತ್ತಾಗುವುದು ಹೀಗೆ ಬಿಡದ ತುರಿಕೆಯಿಂದ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸದೆ ಹಟಮಾರಿ ಯೀಸ್ಟಿಗೆ ಚಿಕಿತ್ಸೆ ಶುರುಮಾಡುವುದು ಅರ್ಧಂಬರ್ಧ ಕೆಲಸ.

ಶುಗರಿನ ಔಷಧಿಯೇ ಯೀಸ್ಟನ್ನು ಕರೆತರುವುದೂ ಉಂಟು. ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಎಂಬ ಗುಳಿಗೆಗಳು ಮೂತ್ರಪಿಂಡದ ಮೂಲಕ ಸಕ್ಕರೆಯನ್ನು ಹೊರದೂಡುತ್ತವೆ. ದಿನಕ್ಕೆ ಸುಮಾರು 70 ಗ್ರಾಂ ಗ್ಲೂಕೋಸ್ ಮೂತ್ರದಲ್ಲಿ ಹೋಗಬಹುದು. ಹೃದಯ ಮತ್ತು ಮೂತ್ರಪಿಂಡಕ್ಕೆ ನಿಜವಾದ ಲಾಭ ಮಾಡುವ ಒಳ್ಳೆಯ ಔಷಧಿಗಳಿವು. ಮೊದಲನೆಯದರ ಪೇಟೆಂಟ್ ಭಾರತದಲ್ಲಿ 2020ರಲ್ಲಿ, ಎರಡನೆಯದರದು 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಬೆಲೆ ಇಳಿದು ಸಣ್ಣ ಊರುಗಳ ಅಂಗಡಿಗಳಲ್ಲೂ ಸಿಗುತ್ತಿವೆ. ಇವನ್ನು ತೆಗೆದುಕೊಳ್ಳುವವರಲ್ಲಿ ಜನನಾಂಗದ ಯೀಸ್ಟ್ ಸೋಂಕು ಮೂರು-ನಾಲ್ಕು ಪಟ್ಟು ಹೆಚ್ಚು. ಗಂಡಸರಿಗೂ ಆಗುತ್ತದೆ: ಮುಂದೊಗಲು ಕೆಂಪಾಗಿ, ಬಿರಿದು, ಹಿಂದೆ ಸರಿಯದಂತಾಗುತ್ತದೆ. ಈ ಗುಳಿಗೆ ಶುರುವಾದ ತಿಂಗಳುಗಳಲ್ಲಿ ತುರಿಕೆ ಹತ್ತಿಕೊಂಡಿದ್ದರೆ ಅದನ್ನು ಶುಗರ್ ನೋಡುವ ವೈದ್ಯರಿಗೆ ನಾಚಿಕೆಯಿಲ್ಲದೆ ಹೇಳಬೇಕು. ಮುಂದುವರಿಸಬೇಕೆ, ಬದಲಿಸಬೇಕೆ ಎಂದು ತೀರ್ಮಾನಿಸುವುದು ಅವರು. ಮೂತ್ರ ಮಾಡಿದ ಮೇಲೆ ನೀರಿನಿಂದ ತೊಳೆದು ಒರೆಸಿಕೊಳ್ಳುವ ಸರಳ ಅಭ್ಯಾಸ ಇವರಿಗೆ ನೆರವಾಗುತ್ತದೆ. ಇನ್ನೊಂದು ಎಚ್ಚರ ಶುಗರಿಗೆಂದು ಗ್ಲಿಮೆಪಿರೈಡ್ ಗುಳಿಗೆ ನುಂಗುವವರಿಗೆ: ಅದನ್ನು ದೇಹದಿಂದ ಹೊರಹಾಕುವ ಯಕೃತ್ತಿನ ಕಿಣ್ವವನ್ನು ಫ್ಲುಕೊನಜೋಲ್ ತಡೆಯುವುದರಿಂದ ಸಕ್ಕರೆ ಹಠಾತ್ತನೆ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್, ಮೂರ್ಛೆಯ ಫೆನಿಟಾಯಿನ್ ತೆಗೆದುಕೊಳ್ಳುವವರೂ ಮೊದಲೇ ಹೇಳಿಬಿಡಬೇಕು.

ಸೋಂಕು ಹಟ ಹಿಡಿಯಲು ಮನೆಯ ಉಪಚಾರವೂ ಕಾರಣವಾಗುತ್ತದೆ. ತುರಿಕೆಗೆಂದು ಅಂಗಡಿಯಲ್ಲಿ ಕೊಡುವ ಮಿಶ್ರಣದ ಮುಲಾಮುಗಳಲ್ಲಿ ಶಿಲೀಂಧ್ರದ ಔಷಧಿಯ ಜೊತೆ ಪ್ರತಿಜೀವಕವೂ ಕ್ಲೋಬೆಟಾಸೋಲ್‌ನಂಥ ಜೋರು ಸ್ಟೀರಾಯ್ಡೂ ಬೆರೆತಿರುತ್ತವೆ. ಸ್ಟೀರಾಯ್ಡ್ ತುರಿಕೆಯನ್ನು ಎರಡೇ ದಿನದಲ್ಲಿ ಅಡಗಿಸುತ್ತದೆ, ಆ ಜಾಗದ ಪ್ರತಿರೋಧವನ್ನೂ ಅಡಗಿಸುತ್ತದೆ. ಶಿಲೀಂಧ್ರ ಒಳಗೊಳಗೇ ಹರಡುತ್ತದೆ, ಚರ್ಮ ತೆಳುವಾಗುತ್ತದೆ. ತೊಡೆಸಂದಿಯ ಹುಳುಕಡ್ಡಿ ಭಾರತದಲ್ಲಿ ಈಚಿನ ವರ್ಷಗಳಲ್ಲಿ ಔಷಧಿಗೆ ಬಗ್ಗದ ಪಿಡುಗಾಗಿ ಬೆಳೆದದ್ದರಲ್ಲಿ ಈ ಮುಲಾಮುಗಳ ಪಾಲು ದೊಡ್ಡದು. 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಾದ, ನಮ್ಮ ದೇಶದ ಹೆಸರನ್ನೇ ಹೊತ್ತ ಆ ಶಿಲೀಂಧ್ರ ಯೀಸ್ಟ್ ಅಲ್ಲ. ಆದರೆ ಎರಡೂ ಒಂದೇ ಸಂದಿಯಲ್ಲಿ ತುರಿಸುವುದರಿಂದ ಒಂದರ ಔಷಧಿ ಇನ್ನೊಂದಕ್ಕೆ ಬೀಳುತ್ತಿರುತ್ತದೆ. ಡೆಟಾಲ್ ನೀರಿನಿಂದ, ಸೋಪಿನಿಂದ ಒಳಗೆ ತೊಳೆಯುವುದು ಲ್ಯಾಕ್ಟೊಬ್ಯಾಸಿಲಸ್‌ಗಳನ್ನು ಕೊಂದು, ಒಳಪೊರೆಯನ್ನು ಸುಡುತ್ತದೆ. ಕೆಮ್ಮು ನೆಗಡಿಗೆಲ್ಲ ನುಂಗುವ ಪ್ರತಿಜೀವಕವೂ ಅದೇ ಬ್ಯಾಕ್ಟೀರಿಯಾಗಳ ಮೇಲೆ ಬೀಳುತ್ತದೆ. ಬೆಳ್ಳುಳ್ಳಿ ಎಸಳು, ಮೊಸರು ಒಳಗಿಡುವುದರಿಂದ ಗುಣವಾಗುತ್ತದೆಂಬುದಕ್ಕೆ ಪುರಾವೆಯಿಲ್ಲ, ಬೆಳ್ಳುಳ್ಳಿಯಿಂದ ಸುಟ್ಟಗಾಯವಾಗಬಹುದು. ಮೊಸರನ್ನು ಉಣ್ಣುವುದಕ್ಕೆ ಅಡ್ಡಿಯಿಲ್ಲ. ಮಧುಮೇಹವಿಲ್ಲದವರು ಬೆಲ್ಲ, ಸಕ್ಕರೆ, ಬ್ರೆಡ್ ಬಿಟ್ಟರೆ ಯೀಸ್ಟ್ ಹೋಗುತ್ತದೆಂಬ ಮಾತಿಗೂ ಗಟ್ಟಿ ಆಧಾರ ಸಿಕ್ಕಿಲ್ಲ.

ಇಷ್ಟೆಲ್ಲ ಸೋಸಿದ ಮೇಲೂ ಉಳಿಯುವುದು ನಿಜವಾದ ಔಷಧ ನಿರೋಧ. ಕ್ಯಾಂಡಿಡಾ ಕ್ರೂಸೈ ಹುಟ್ಟಿನಿಂದಲೇ ಫ್ಲುಕೊನಜೋಲ್‌ಗೆ ಬಗ್ಗದ್ದು. ಗ್ಲಾಬ್ರೇಟಾ ಅರೆಬರೆ ಬಗ್ಗುತ್ತದೆ. ಮತ್ತೆ ಮತ್ತೆ ಔಷಧಿ ಬಿದ್ದಾಗ ಪೂರ್ತಿ ಸೆಟೆಯುತ್ತದೆ. ಅದರ ಹೊರಪೊರೆಯಲ್ಲಿರುವ ಪಂಪುಗಳು ಒಳಬಂದ ಔಷಧಿಯನ್ನು ಹೊರಗೆ ಉಗುಳುತ್ತವೆ. ಆಲ್ಬಿಕನ್ಸ್‌ನಲ್ಲಿ ನಿರೋಧ ಈಗಲೂ ಕಡಿಮೆ, ಆದರೆ ಹೆಚ್ಚುತ್ತಿದೆ. ಔಷಧಿ ಅಂಟಿಕೊಳ್ಳಬೇಕಾದ ಕಿಣ್ವವೇ ರೂಪ ಬದಲಿಸುವುದು ಅಲ್ಲಿನ ಒಂದು ದಾರಿ. ತಾಮ್ರದ ವಂಕಿಯ ಮೇಲೆ ಯೀಸ್ಟ್‌ಗಳು ಲೋಳೆಪೊರೆ ಕಟ್ಟಿಕೊಂಡು ಕೂತರೆ ಔಷಧಿ ಒಳಗೆ ಇಳಿಯುವುದು ಕಷ್ಟ. ಕಾಪರ್-ಟಿ ಹಾಕಿಸಿಕೊಂಡವರಲ್ಲಿ ಸೋಂಕು ಮರುಕಳಿಸುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲ್ಯಾಬಿನ ವರದಿಯನ್ನು ಓದುವಾಗ ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಔಷಧಿಯ ಪರಿಣಾಮವನ್ನು ಲ್ಯಾಬಿನಲ್ಲಿ ಅಳೆಯುವುದು ಪಿಎಚ್ 7ರಲ್ಲಿ. ಯೋನಿಯ ಆಮ್ಲೀಯತೆಯಲ್ಲಿ ಅಜೋಲ್‌ಗಳ ಶಕ್ತಿ, ಅದರಲ್ಲೂ ಗ್ಲಾಬ್ರೇಟಾದ ಮೇಲೆ, ಕುಗ್ಗುತ್ತದೆ. ವರದಿಯಲ್ಲಿ ‘ಬಗ್ಗುತ್ತದೆ’ ಎಂದಿದ್ದರೂ ಹೆಣ್ಣುಮಗಳು ‘ಇಲ್ಲ, ಕಡಿಮೆ ಆಗಿಲ್ಲ’ ಎಂದರೆ ಅವಳ ಮಾತನ್ನು ನಂಬಬೇಕು.

ಇಂಥ ಯೀಸ್ಟಿಗೆ ಫ್ಲುಕೊನಜೋಲ್‌ನ ಪ್ರಮಾಣ ಹೆಚ್ಚಿಸುತ್ತ ಹೋಗುವುದರಿಂದ ಉಪಯೋಗವಿಲ್ಲ. ಬೇರೆ ಅಜೋಲ್ ಮುಲಾಮನ್ನು ಒಂದರಿಂದ ಎರಡು ವಾರ ಬಳಸುವುದು ಮೊದಲ ಪ್ರಯತ್ನ. ಅದಕ್ಕೂ ಬಗ್ಗದಿದ್ದರೆ ಬೋರಿಕ್ ಆಮ್ಲ: 600 ಮಿಲಿಗ್ರಾಂನ ಕ್ಯಾಪ್ಸೂಲನ್ನು ದಿನಕ್ಕೊಂದರಂತೆ ಮೂರು ವಾರ ಯೋನಿಯೊಳಗೆ ಇಡುವುದು. ಆಲ್ಬಿಕನ್ಸ್ ಅಲ್ಲದ ಯೀಸ್ಟ್‌ಗಳಲ್ಲಿ ಸುಮಾರು 70 ಶೇಕಡಾ ಗುಣವಾಗುತ್ತದೆ. ಇದು ವೈದ್ಯರ ಉಸ್ತುವಾರಿಯಲ್ಲೇ ಆಗಬೇಕು. ಬೋರಿಕ್ ಆಮ್ಲ ಬಾಯಿಗೆ ಹೋದರೆ ವಿಷ, ಮಕ್ಕಳ ಪ್ರಾಣಕ್ಕೇ ಅಪಾಯ, ಗರ್ಭಿಣಿಯರಿಗೆ ನಿಷಿದ್ಧ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯನ್ನು ಮನೆಯಲ್ಲೇ ಕ್ಯಾಪ್ಸೂಲಿಗೆ ತುಂಬುವ ಸಾಹಸ ಯಾರೂ ಮಾಡಬಾರದು. ಇನ್ನೊಂದು ದಾರಿ ನಿಸ್ಟಾಟಿನ್. ನ್ಯೂಯಾರ್ಕ್‌ನ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು 1950ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದ ಔಷಧಿ ಇದು. ಅಜೋಲ್‌ನಂತೆ ತಡೆದು ನಿಲ್ಲಿಸದೆ, ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನೇ ತೂತು ಮಾಡಿ ಯೀಸ್ಟನ್ನು ಕೊಲ್ಲುವುದರಿಂದ ಅಜೋಲ್‌ಗೆ ಬಗ್ಗದವುಗಳ ಮೇಲೂ ಕೆಲಸ ಮಾಡುತ್ತದೆ.

ಔಷಧಿಗೆ ಬಗ್ಗದ ಯೀಸ್ಟ್ ಎಂದೊಡನೆ ಸುದ್ದಿಯಲ್ಲಿ ಕೇಳಿಬರುವ ಕ್ಯಾಂಡಿಡಾ ಆರಿಸ್ ಬೇರೆಯೇ ಜೀವಿ. 2009ರಲ್ಲಿ ಜಪಾನಿನ ವೃದ್ಧೆಯೊಬ್ಬರ ಕಿವಿಯಲ್ಲಿ ಮೊದಲು ಗುರುತಿಸಿದ್ದು. ಭಾರತದ 27 ತೀವ್ರ ನಿಗಾ ಘಟಕಗಳಲ್ಲಿ 2011–12ರಲ್ಲಿ ನಡೆಸಿದ ಅಧ್ಯಯನದಲ್ಲಿ ರಕ್ತದ ಕ್ಯಾಂಡಿಡಾ ಸೋಂಕುಗಳ 5.3 ಶೇಕಡಾ ಇದರದೇ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಶಿಲೀಂಧ್ರಗಳ ಆದ್ಯತಾ ಪಟ್ಟಿಯ ಮೇಲಿನ ಸಾಲಿನಲ್ಲಿ ಇದೂ ಇದೆ. ಆದರೆ ಇದು ಐಸಿಯುವಿನ, ಕೊಳವೆ ಹಾಕಿದ ರೋಗಿಗಳ ಕಾಯಿಲೆ; ಮನೆಯಲ್ಲಿ ತುರಿಕೆಯಿಂದ ಬಳಲುವವಳಿಗೆ ಇದರ ಭಯ ಬೇಡ. ಔಷಧಿಗೆ ಬಗ್ಗದ ಶಿಲೀಂಧ್ರ ಹೊಲದಲ್ಲೂ ಹುಟ್ಟಬಲ್ಲದೆಂಬ ಸಂಗತಿ ಮಾತ್ರ ಯೋಚಿಸಬೇಕಾದದ್ದು. ದ್ರಾಕ್ಷಿ, ದಾಳಿಂಬೆಗೆ ಹೊಡೆಯುವ ಟೆಬುಕೊನಜೋಲ್, ಪ್ರೊಪಿಕೊನಜೋಲ್ ಕೂಡ ಅಜೋಲ್ ಕುಲದವೇ. ಹೊಲದ ಅಜೋಲ್‌ಗಳಿಂದ ಶ್ವಾಸಕೋಶದ ಆಸ್ಪರ್ಜಿಲಸ್ ಶಿಲೀಂಧ್ರ ಆಸ್ಪತ್ರೆಯ ಅಜೋಲ್‌ಗೂ ಬಗ್ಗದಂತಾದದ್ದು ನೆದರ್ಲೆಂಡ್ಸ್‌ನಲ್ಲಿ ಚೆನ್ನಾಗಿ ದಾಖಲಾಗಿದೆ. ಕೃಷ್ಣಾ-ಘಟಪ್ರಭಾ ನಡುವಿನ ತೋಟಗಳಲ್ಲಿ ಈ ಔಷಧಿಗಳನ್ನು ಬೇಕಾದಷ್ಟೇ ಹೊಡೆಯುವುದಕ್ಕೆ ಖರ್ಚಿನ ಹೊರತಾಗಿ ಇದೂ ಒಂದು ಕಾರಣ.

ಆಲ್ಬಿಕನ್ಸ್‌ನಿಂದಲೇ ಮರುಕಳಿಸುವ ಸೋಂಕಿಗೆ, ಅಂದರೆ ಹಟಮಾರಿ ಪ್ರಕರಣಗಳ ದೊಡ್ಡ ಪಾಲಿಗೆ, ದಾರಿ ತಾಳ್ಮೆಯದು. ಮೊದಲ, ನಾಲ್ಕನೆಯ, ಏಳನೆಯ ದಿನ ಒಂದೊಂದು 150 ಮಿಲಿಗ್ರಾಂ ಗುಳಿಗೆ. ತೊಂದರೆ ಪೂರ್ತಿ ಅಡಗಿದ ಮೇಲೆ ವಾರಕ್ಕೊಂದರಂತೆ ಆರು ತಿಂಗಳು. ಜ್ಯಾಕ್ ಸೊಬೆಲ್ ಮತ್ತು ಸಂಗಡಿಗರು 387 ಹೆಂಗಸರ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರು ತಿಂಗಳ ಕೊನೆಗೆ ಗುಳಿಗೆಯವರಲ್ಲಿ 90.8 ಶೇಕಡಾ ಮಂದಿ ಸೋಂಕಿಲ್ಲದೆ ಇದ್ದರು. ಸುಳ್ಳುಗುಳಿಗೆ ಪಡೆದವರಲ್ಲಿ 35.9 ಶೇಕಡಾ. ಔಷಧಿ ನಿಲ್ಲಿಸಿದ ಆರು ತಿಂಗಳ ನಂತರ, ವರ್ಷದ ಕೊನೆಗೆ, ಆ 90.8 ಇಳಿದು 42.9ಕ್ಕೆ ಬಂತು. ಅಂದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಮತ್ತೆ ಬರುತ್ತದೆ, ಬಂದಾಗ ಅದೇ ಕ್ರಮವನ್ನು ಮತ್ತೆ ಹಿಡಿಯಬೇಕಾಗಬಹುದು. ಈ ಲೆಕ್ಕವನ್ನು ಚಿಕಿತ್ಸೆಯ ಮೊದಲ ದಿನವೇ ಹೇಳುವ ವೈದ್ಯರು ಒಳ್ಳೆಯ ಕೆಲಸ ಮಾಡುತ್ತಾರೆ. ಹೇಳದಿದ್ದರೆ ಏಳನೆಯ ತಿಂಗಳಿನ ತುರಿಕೆಯನ್ನು ಹೆಣ್ಣುಮಗಳು ತನ್ನ ತಪ್ಪೆಂದೋ ಗಂಡನ ತಪ್ಪೆಂದೋ ತಿಳಿಯುತ್ತಾಳೆ. ಇದು ಲೈಂಗಿಕ ರೋಗಗಳ ಸಾಲಿಗೆ ಸೇರಿದ್ದಲ್ಲ. ಗಂಡನಿಗೆ ತುರಿಕೆ, ಕೆಂಪು ಇಲ್ಲದಿದ್ದರೆ ಅವನಿಗೆ ಔಷಧಿ ಬೇಕಿಲ್ಲ. ದೀರ್ಘ ಚಿಕಿತ್ಸೆಯ ನಡುವೆ ಯಕೃತ್ತಿನ ಪರೀಕ್ಷೆ ಬೇಕೇ ಎಂಬುದು ಬೇರೆ ಕಾಯಿಲೆ, ಬೇರೆ ಗುಳಿಗೆಗಳನ್ನು ನೋಡಿ ವೈದ್ಯರು ನಿರ್ಧರಿಸುವ ಮಾತು.

ಗರ್ಭಿಣಿಯರಲ್ಲಿ ಈಸ್ಟ್ರೋಜನ್ ಏರುವುದರಿಂದ ಯೀಸ್ಟ್ ಹೆಚ್ಚು, ಆದರೆ ಬಾಯಿಂದ ಫ್ಲುಕೊನಜೋಲ್ ಸಲ್ಲದು. ಕ್ಲೋಟ್ರಿಮಜೋಲ್‌ನಂಥ ಅಜೋಲನ್ನು ಯೋನಿಯೊಳಗೆ ಏಳು ದಿನ ಬಳಸುವುದೇ ಅವರಿಗೆ ಸುರಕ್ಷಿತ. ಮುಟ್ಟು ತಪ್ಪಿರುವವರು ಆರು ತಿಂಗಳ ಗುಳಿಗೆ ಶುರುಮಾಡುವ ಮೊದಲು ಮೂತ್ರಪರೀಕ್ಷೆ ಮಾಡಿಸಿಕೊಳ್ಳಬೇಕು, ನಡುವೆ ಗರ್ಭ ನಿಂತರೆ ಗುಳಿಗೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಯೋನಿಯ ಯೀಸ್ಟ್ ಸೋಂಕಿಗೆಂದು ಅಮೆರಿಕದಲ್ಲಿ 2021ರಲ್ಲಿ ಇಬ್ರೆಕ್ಸಾಫಂಜರ್ಪ್, 2022ರಲ್ಲಿ ಒಟೆಸೆಕೊನಜೋಲ್ ಎಂಬ ಎರಡು ಹೊಸ ಗುಳಿಗೆಗಳಿಗೆ ಒಪ್ಪಿಗೆ ಸಿಕ್ಕಿದೆ. ಮೊದಲನೆಯದು ಯೀಸ್ಟಿನ ಕೋಶಗೋಡೆಯ ಗ್ಲೂಕಾನ್ ಕಟ್ಟುವುದನ್ನೇ ತಡೆಯುವುದರಿಂದ ಅಜೋಲ್‌ಗೆ ಬಗ್ಗದ ಯೀಸ್ಟುಗಳ ಮೇಲೂ ನಡೆಯುತ್ತದೆ. ಎರಡನೆಯದು ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಭ್ರೂಣಕ್ಕೆ ಹಾನಿಯಾಗಬಹುದೆಂಬ ಕಾರಣಕ್ಕೆ ಮಕ್ಕಳಾಗುವ ಸಾಧ್ಯತೆ ಇರುವ ಹೆಂಗಸರಿಗೆ ಅದನ್ನು ಕೊಡುವಂತಿಲ್ಲ.